ಬರ್ತೀನಿ ಅನ್ನುವ ಮುನ್ನ

ಮಾರ್ಚ್ ೩

ಅತ್ತಿಗೆ,

ನೀವು ಫೋನ್ ತೆಗೆಸಿ, ನಾನು ಬೇರೆ ಊರಿಗೆ ಬಂದ ಮೇಲೆ ನಿಮಗೆ ಏನಾದರೂ ತಿಳಿಸಬೇಕೆಂದರೆ ಕಾಗದವೊಂದೇ ದಾರಿ. ಬರೆಯಲು ಕೂತಾಗಲೆಲ್ಲ ಅಣ್ಣ ಬೆನ್ನ ಹಿಂದೆ ನಿಂತು ಓದುತ್ತಿದ್ದಾನೆ ಅನ್ನಿಸುತ್ತದೆ. "ನಿನ್ನ ಕನ್ನಡ ಇಸ್ತ್ರಿ ಮಾಡಿದ ಅಂಗಿ ಇದ್ದ ಹಾಗೆ ಕಣೇ ಕಾನ್ವೆಂಟು, ಹಾಕ್ಕೊಂಡವರು ಕೂತ್ಕೊಳ್ಳೋಕೇ ಹೆದರ್ತಾರೆ" ಅನ್ನುತ್ತಿದ್ದ. ಡಬ್ಬಿಂಗ್ ಸಿನಿಮಾಗಳಿಗೆ ಮಾತು ಬರೆದೇ ಇಷ್ಟು ವರ್ಷ ಬದುಕಿದ್ದೇನೆ. ಇವತ್ತಿಗೂ ಒಂದು ಸಾಲು ಬರೆದರೆ ಅವನಿಗೆ ಓದಿ ತೋರಿಸಬೇಕು ಅನ್ನಿಸುತ್ತದೆ.

ವಿಷಯಕ್ಕೆ ಬರುತ್ತೇನೆ. ಅಣ್ಣ ದನಿ ಕೊಟ್ಟಿದ್ದ 'ಹೊರೆಗಾರ'ನ ಮೂರೂ ಸಿನಿಮಾಗಳನ್ನು ಈ ಬೇಸಿಗೆಯಲ್ಲಿ ಮತ್ತೆ ಚಿತ್ರಮಂದಿರಕ್ಕೆ ತರುತ್ತಿದ್ದಾರೆ. ಮೂರನೆಯದರ ಡಬ್ಬಿಂಗ್ ಮುಗಿಯುವ ದಿನ ಮನೆಗೆ ಹೊರಟವನೇ ಅಣ್ಣ ಸೇತುವೆಯ ಮೇಲೆ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡದ್ದು. ಅದಕ್ಕೇ ಆ ಸಿನಿಮಾದ ಹೆಸರೆತ್ತಿದರೆ ನೀವು ಎದ್ದು ಒಳಗೆ ಹೋಗುತ್ತಿದ್ದಿರಿ. ನಾನೂ ಎತ್ತುವುದನ್ನು ಬಿಟ್ಟೆ. ಹತ್ತು ವರ್ಷದ ಮೇಲೆ ಈಗ ಎತ್ತಬೇಕಾಗಿ ಬಂದಿದೆ.

ನಾಲ್ಕನೆಯ ಸಿನಿಮಾ ತಯಾರಾಗುತ್ತಿದೆ. ಹೊರೆಗಾರ ವಾಪಸ್ ಬರುತ್ತಾನಂತೆ. ಬೇರೆ ಯಾರ ದನಿ ಕೊಟ್ಟರೂ ನಮ್ಮ ಜನ ಒಪ್ಪುವುದಿಲ್ಲ ಎಂದು ಡಬ್ಬಿಂಗ್ ಕಂಪನಿಯವರಿಗೆ ಚೆನ್ನಾಗಿ ಗೊತ್ತು. ಹಳೆಯ ಮೂರು ಸಿನಿಮಾಗಳ ದನಿಯನ್ನು ಯಂತ್ರಕ್ಕೆ ಉಣಿಸಿದರೆ ಅದು ಅಣ್ಣನ ಹಾಗೇ ಮಾತಾಡುತ್ತದಂತೆ. ಮಾತನ್ನು ನಾನು ಬರೆಯಬೇಕು. ಒಪ್ಪಿಗೆಯನ್ನು ನೀವು ಕೊಡಬೇಕು. ಹೆಂಡತಿಯ ಸಹಿ ಇಲ್ಲದೆ ಮುಂದುವರಿಯುವಂತಿಲ್ಲ. ಹಾಳೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಜೂನ್ ಮುಗಿಯುವುದರೊಳಗೆ ಹೌದು ಅಥವಾ ಇಲ್ಲ ಅನ್ನಬೇಕು.

ನಿನಗೇನು ಬೇಕು ಎಂದು ಕೇಳಿದರೆ, ಒಪ್ಪಿಕೊಳ್ಳಿ ಅನ್ನುತ್ತೇನೆ. ಆ ದನಿಗೆ ಇನ್ನೊಂದು ಸಲ ಮಾತು ಬರೆಯಬೇಕು ಎಂಬ ಆಸೆ ನನಗಿದೆ. ಈ ಆಸೆ ಸರಿಯೋ ತಪ್ಪೋ ಎಂದು ಮೂರು ದಿನ ಯೋಚಿಸಿದೆ, ತಿಳಿಯಲಿಲ್ಲ. ತಿಳಿಯದೆಯೇ ಬರೆಯುತ್ತಿದ್ದೇನೆ.

ನಿಮ್ಮ
ಕಾನ್ವೆಂಟು


ಮಾರ್ಚ್ ೧೫

ಕಾನ್ವೆಂಟು,

ಕಾಗದ ತಲುಪಿತು. ಸಹಿಯ ಹಾಳೆಯನ್ನೂ ನೋಡಿದೆ. ಕಾಜಾ ಹೊಲಿಯುವ ಕನ್ನಡಕ ಹಾಕಿದರೂ ಆ ಅಕ್ಷರ ಓದಲು ಆಗಲಿಲ್ಲ. ಯಾರೂ ಓದಬಾರದು ಅಂತಲೇ ಬರೆದ ಹಾಗಿದೆ. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಶಾಲೆ ಶುರುವಾಗುವ ಮುಂಚೆ ಸಮವಸ್ತ್ರದ ರಾಶಿ ಮುಗಿಯಬೇಕು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ನೀಲಿ ಬಟ್ಟೆಯ ಮೇಲೇ ಓಡಾಡುತ್ತಿದ್ದೇನೆ.

ನಿನಗೆ ಅವರ ದನಿ ಬೇಕು, ಕಂಪನಿಯವರಿಗೂ ಬೇಕು. ನನಗೆ ಅದರ ಬರ ಇಲ್ಲ. ಅಂಗಡಿಯ ಮೇಲಿನ ಮನೆಯವರು ಆ ಸಿನಿಮಾಗಳನ್ನು ಹಾಕುತ್ತಲೇ ಇರುತ್ತಾರೆ. ನಮ್ಮ ಸೂರು ತೆಳ್ಳಗೆ. ಮಾತು ಏನೂ ತಿಳಿಯುವುದಿಲ್ಲ, ದನಿ ಮಾತ್ರ ಇಳಿದು ಬರುತ್ತದೆ. ಮೇಲೆ ಯಾರ ಜೊತೆಗೋ ಹರಟೆಗೆ ಕೂತು ಕೆಳಗೆ ಇಳಿಯುವುದನ್ನು ಮರೆತಿದ್ದಾರೆ ಅನ್ನುವ ಹಾಗೆ. ಶುರುವಾದ ಕೂಡಲೇ ನಾನು ಮೆಷಿನ್ ತುಳಿಯುತ್ತೇನೆ. ಹೊಲಿಯಲು ಬಟ್ಟೆ ಇಲ್ಲದಿದ್ದರೂ ತುಳಿಯುತ್ತೇನೆ.

ಒಂದು ಹೇಳು. ಮುಖಕ್ಕೆ ಚೀಲ ಹಾಕಿಕೊಂಡು ಹಾರುವ ಮನುಷ್ಯನಲ್ಲಿ ಜನ ಅಂಥದ್ದೇನು ಕಂಡರು? ಅದೂ ದೊಡ್ಡವರು. ಮೊನ್ನೆ ಕೋಟಿನ ಅಳತೆ ಕೊಡಲು ಬಂದ ಬ್ಯಾಂಕಿನವರು ಆ ಮೂರನೆಯ ಸಿನಿಮಾ ಮತ್ತೆ ಬರುತ್ತಿದೆ ಅಂತ ಕಣ್ಣು ಅರಳಿಸಿ ಹೇಳಿದರು. ತಲೆ ನರೆತಿದೆ, ಹೊಟ್ಟೆ ಟೇಪಿಗೆ ಸಿಗುತ್ತಿಲ್ಲ. "ಇನ್ನೊಂದು ಸಲ ನೋಡ್ಕೊಂಡು ಅತ್ತುಬಿಟ್ಟರೆ ವರ್ಷಕ್ಕಾಗುತ್ತಮ್ಮ" ಅಂದರು. ಯಾರ ಹೆಂಡತಿಯ ಮುಂದೆ ನಿಂತಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಅಷ್ಟಕ್ಕೂ ನನ್ನ ಬಾಯಲ್ಲಿ ಗುಂಡುಸೂಜಿ ಇತ್ತು.

ಅತ್ತಿಗೆ


ಮಾರ್ಚ್ ೨೪

ಅತ್ತಿಗೆ,

ಅವನು ಹಾರುವುದಿಲ್ಲ. ಹೊರುತ್ತಾನೆ. ಬಂದರಿನ ಗೋದಾಮಿನಲ್ಲಿ ಮೂಟೆ ಹೊರುವ ಒಬ್ಬ ಮನುಷ್ಯ. ಅವನು ಹೆಗಲು ಕೊಟ್ಟರೆ ಎಂಥ ಭಾರವೂ ಮೇಲೇಳುತ್ತದೆ. ಮೊದಲ ಸಿನಿಮಾದಲ್ಲಿ ಬಿದ್ದ ಕಟ್ಟಡ ಎತ್ತುತ್ತಾನೆ. ಎರಡನೆಯದರಲ್ಲಿ ಮುಳುಗುವ ಹಡಗು. ಎರಡರಲ್ಲೂ ಮುಖ ಕಾಣುವುದಿಲ್ಲ. ಚೀಲ ಅಂದಿರಲ್ಲ, ಅದು ಮೂಟೆಯ ಗೋಣಿಯಿಂದಲೇ ಮಾಡಿದ ಮುಸುಕು. ಮೂರನೆಯದರಲ್ಲಿ ಊರಿಗೆ ಊರೇ ಕುಸಿಯುತ್ತಿರುತ್ತದೆ. ನೆಲದ ಕೆಳಗೆ ಇಳಿದು ಯಾರಾದರೂ ಅದನ್ನು ಹೊತ್ತು ನಿಲ್ಲಬೇಕು, ನಿಂತವರು ಮೇಲೆ ಬರುವಂತಿಲ್ಲ. ಅವನು ಕಬ್ಬಿಣದ ಬಾಗಿಲ ಮುಂದೆ ಮುಸುಕು ತೆಗೆಯುತ್ತಾನೆ, ಒಂದು ಮಾತು ಹೇಳುತ್ತಾನೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅಷ್ಟೇ ಕಥೆ.

ಜನ ಏನು ಕಂಡರು ಎಂದು ನಾನೂ ಕೇಳಿಕೊಂಡಿದ್ದೇನೆ. ಕಂಪನಿಗೆ ಬಂದ ಅಭಿಮಾನಿಗಳ ಕಾಗದಗಳು ನನ್ನ ಬಳಿ ಇವೆ. ಒಬ್ಬ ನರ್ಸ್ ಬರೆದಿದ್ದಾರೆ: ಮೊದಲ ಎರಡು ಸಿನಿಮಾಗಳಲ್ಲಿ ಅವನು ಒಮ್ಮೆಯೂ ಕೂರುವುದಿಲ್ಲವಂತೆ. ಮೂರನೆಯದರ ಕೊನೆಗೆ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತು ಬೂಟಿನ ದಾರ ಬಿಗಿಯುತ್ತಾನೆ. "ಅವನು ಕೂತಾಗ ನನ್ನ ಕಾಲು ನೋಯುತ್ತಿರುವುದು ನನಗೆ ಗೊತ್ತಾಯಿತು" ಎಂದಿದ್ದಾರೆ. ಕ್ರೇನ್ ಓಡಿಸುವ ಒಬ್ಬರಿಗೆ ಆ ಸಿನಿಮಾದಲ್ಲಿ ಖಳನಾಯಕನೇ ಇಲ್ಲದಿರುವುದು ಇಷ್ಟ. ಭಾರವೇ ವೈರಿ, ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ತಮ್ಮ ಕೆಲಸದಲ್ಲೂ ಹಾಗೇ ಅನ್ನುತ್ತಾರೆ. ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಮುಸುಕಿನ ಕೆಳಗಿನ ಮುಖ ಚಂದವಾಗಿಯೂ ಇಲ್ಲ, ವಿಕಾರವಾಗಿಯೂ ಇಲ್ಲ, ದಣಿದಿದೆ ಅಷ್ಟೇ, ಅದನ್ನು ನೋಡಲು ಹದಿನೇಳು ಸಲ ಹೋಗಿದ್ದೇನೆ ಎಂದು ಬರೆದಿದ್ದಾರೆ.

ಆದರೆ ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಆ ಒಂದು ಮಾತಿಗೆ. ಆ ಮಾತಿನ ಕಥೆ ನಿಮಗೆ ನಾನು ಹೇಳಿಲ್ಲ.

ಮೂಲದಲ್ಲಿ ಅವನು ಹೇಳುವುದಕ್ಕೆ ಹೋಗುತ್ತಿದ್ದೇನೆ, ಇನ್ನು ಬರುವುದಿಲ್ಲ ಎಂಬ ಅರ್ಥ. ನಾನು "ಹೋಗ್ತೀನಿ" ಎಂದು ಬರೆದಿದ್ದೆ. ಅಣ್ಣ ಹಾಳೆ ಕೆಳಗಿಟ್ಟ.

"ಯಾರಾದ್ರೂ ಹೊರಡೋವಾಗ ಹೋಗ್ತೀನಿ ಅಂತಾರೇನೇ?"

"ಅವನು ಸಾಯೋಕೆ ಹೊರಟಿದ್ದಾನೆ ಅಣ್ಣ. ವಾಪಸ್ ಬರಲ್ಲ."

"ಸಾಯೋಕೆ ಹೊರಟವನೂ ಬರ್ತೀನಿ ಅಂತಲೇ ಅನ್ನೋದು. ನಿಮ್ಮ ಇಸ್ಕೂಲಲ್ಲಿ ಇದನ್ನ ಹೇಳಿಕೊಡಲಿಲ್ವಾ?"

"ಬರ್ತೀನಿ ಅಂದ್ರೆ ಜನ ನಂಬಿಬಿಡ್ತಾರೆ."

"ನಂಬಲಿ ಬಿಡು. ನಿನ್ನ ಗಂಟೇನು ಹೋಗುತ್ತೆ?"

ಗಾಜಿನ ಈಚೆ ರೆಕಾರ್ಡಿಂಗ್ ಮಾಡುತ್ತಿದ್ದ ಕಿವಿ ಮಾಮ, ನಿಮಗೆ ನೆನಪಿರಬಹುದು, ಅಣ್ಣನೇ ಇಟ್ಟ ಹೆಸರು, "ಅಣ್ಣ ತಂಗಿ ರಾಜಿಯಾದ ಮೇಲೆ ಎಬ್ಬಿಸಿ" ಎಂದು ಕುರ್ಚಿಗೆ ಒರಗಿದರು. ಅಣ್ಣ ನನ್ನ ಹಟಕ್ಕೆ ಕಟ್ಟುಬಿದ್ದು ಹೋಗ್ತೀನಿ, ಹೋಗ್ತೀನಿ ಎಂದು ಹೇಳುತ್ತಲೇ ಹೋದ. ಒಂದೂ ಪರದೆಯವನ ತುಟಿಗೆ ಕೂರಲಿಲ್ಲ. ನಾನು ಬೇಸರದಿಂದ ಕೆಳಗೆ ಟೀ ಕುಡಿಯಲು ಹೋದೆ. ಮೇಲೆ ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಎಲ್ಲ ಮುಗಿದ ಮೇಲೆ, ಸಿನಿಮಾ ಒಪ್ಪಿಸಲೇಬೇಕಾಗಿ ಬಂದಾಗ, ಕಿವಿ ಮಾಮ ಆ ದಿನದ ಧ್ವನಿಮುದ್ರಣ ಹಾಕಿದರು. ಎಲ್ಲ ಹೋಗ್ತೀನಿಗಳೂ ಮುಗಿದ ಮೇಲೆ ಕೊನೆಯಲ್ಲಿ ಒಂದಷ್ಟು ಮೌನ. ಆಮೇಲೆ ಅಣ್ಣನ ದನಿ, "ಬರ್ತೀನಿ." ತುಂಬ ಸಾಮಾನ್ಯವಾಗಿ, ಪಕ್ಕದ ಅಂಗಡಿಗೆ ಹೋಗಿ ಬರುವವನ ಹಾಗೆ. ಪರದೆಯ ಮೇಲಿನವನ ತುಟಿ ಮೊದಲು ಮುಚ್ಚಿ ಆಮೇಲೆ ತೆರೆಯುತ್ತದೆ. "ಹೋ ಅಂದ್ರೆ ಕೂರಲ್ಲಮ್ಮ, ಬ ಅಂದ್ರೆ ಕೂರುತ್ತೆ. ಅವನು ಸರಿಯಾಗೇ ಹೇಳಿದ್ದ" ಎಂದರು ಕಿವಿ ಮಾಮ.

ನಾನು ಟೀಗೆ ಹೋದಾಗ ಅವನು ನನಗೆ ಉತ್ತರ ಹೇಳಿ ಹೊರಟಿದ್ದ. ಜಗಳದ ಕೊನೆಯ ಮಾತು ಅವನದೇ. ಇಷ್ಟು ವರ್ಷ ನಾನು ಆ ಮಾತನ್ನು ಹಾಗೆ ಇಟ್ಟುಕೊಂಡಿದ್ದೇನೆ.

ಅಭಿಮಾನಿಗಳು ನಂಬಿದರು. ಬರ್ತೀನಿ ಅಂದಿದ್ದಾನೆ, ಬಂದೇ ಬರುತ್ತಾನೆ ಎಂದು ಕಾದರು. ನಾಲ್ಕನೆಯ ಸಿನಿಮಾ ಹುಟ್ಟಿದ್ದೇ ಇಲ್ಲಿನವರ ಈ ನಂಬಿಕೆಯಿಂದ ಎಂದು ಕಂಪನಿಯವರು ನಗುತ್ತಾರೆ. ಮೂಲದಲ್ಲಿ ಇಲ್ಲದ ಇನ್ನೊಂದು ನಮ್ಮದರಲ್ಲಿದೆ. ಬರ್ತೀನಿ ಅನ್ನುವ ಮುಂಚಿನ ಆ ಮೌನ. ಒಬ್ಬ ಕಾಲೇಜು ಹುಡುಗಿ ಬರೆದಿದ್ದಾಳೆ: "ಹೀರೋಗಳು ಯಾರನ್ನೂ ಕೇಳಿ ಹೊರಡುವುದಿಲ್ಲ. ಇವನು ಯಾರನ್ನೋ ಕೇಳಿ, ಅವರು ಆಗಲಿ ಅಂದ ಮೇಲೆ ಹೊರಡುತ್ತಾನೆ." ಯಾರನ್ನು ಎಂದು ಅವರಲ್ಲೇ ವಾದ. ತಾಯಿಯನ್ನು, ದೇವರನ್ನು, ಊರನ್ನು. ವಾದ್ಯ ರಿಪೇರಿ ಮಾಡುವ ಒಬ್ಬರು ಆ ಮೌನದೊಳಗೆ ಸಣ್ಣದೊಂದು ಗುಂಯ್ ಎನ್ನುವ ಸದ್ದಿದೆ, ಅದು ಹೆಂಗಸಿನದು ಎಂದು ಪಟ್ಟು ಹಿಡಿದಿದ್ದಾರೆ. ಅಭಿಮಾನ ಹೆಚ್ಚಾದರೆ ಹೀಗೂ ಕೇಳಿಸುತ್ತದೆ.

ನಿಮ್ಮ
ಕಾನ್ವೆಂಟು


ಏಪ್ರಿಲ್ ೯

ಕಾನ್ವೆಂಟು,

ಕೊನೆಯ ಮಾತು ಬರ್ತೀನಿ ಅಂತ ನನಗೆ ಗೊತ್ತಿರಲಿಲ್ಲ.

ಆ ಸದ್ದು ಬರ್ತೀನಿಗೆ ಎಷ್ಟು ಮುಂಚೆ ಬರುತ್ತದೆ? ಕೂಡಲೇ ಮುಂಚೆಯೋ, ಸ್ವಲ್ಪ ಬಿಟ್ಟೋ? ವಾದ್ಯದವರು ಹೆಂಗಸಿನದು ಅಂತ ಹೇಗೆ ಹೇಳುತ್ತಾರೆ?

ನೀನು ಟೀಗೆ ಹೋದಾಗ ಇನ್ನೂ ಬೆಳಕಿತ್ತೋ, ದೀಪ ಹಾಕಿದ್ದರೋ?

ಸಮವಸ್ತ್ರ ಅರ್ಧ ಮುಗಿದಿದೆ. ಈ ವರ್ಷದ ಬಟ್ಟೆ ಬಿರುಸು, ಸೂಜಿ ಮುರಿಯುತ್ತದೆ.

ಅತ್ತಿಗೆ


ಏಪ್ರಿಲ್ ೧೮

ಅತ್ತಿಗೆ,

ಬೆಳಕಿತ್ತು. ಕಿಟಕಿಯ ಬಿಸಿಲು ಆಗತಾನೇ ಗೋಡೆ ಹತ್ತುತ್ತಿತ್ತು.

ನಿಮ್ಮ ಪ್ರಶ್ನೆಗಳನ್ನು ಎರಡು ಸಲ ಓದಿದೆ. ಆ ಸಂಜೆಯನ್ನು ನೀವು ಇನ್ನೂ ನನ್ನ ತಪ್ಪಿನ ಲೆಕ್ಕಕ್ಕೆ ಬರೆದು ಇಟ್ಟಿದ್ದೀರಿ, ಅಲ್ಲವೇ? ನಾನು ಟೀಗೆ ಹೋಗದೆ ಅವನ ಜೊತೆ ಸೇತುವೆಯವರೆಗೆ ನಡೆದಿದ್ದರೆ ಎಂದು ನೀವು ಯೋಚಿಸುತ್ತಿದ್ದರೆ, ನಾನೂ ಯೋಚಿಸಿದ್ದೇನೆ. ನೀವು ಫೋನ್ ತೆಗೆಸಿದಾಗಲೇ ನನ್ನ ಮೇಲಿನ ಸಿಟ್ಟು ಎಂದುಕೊಂಡೆ. ಕೇಳುವ ಧೈರ್ಯವಾಗಲಿಲ್ಲ. ಸಿಟ್ಟಿದ್ದರೆ ಇರಲಿ. ಅದನ್ನು ಈ ಸಹಿಗೆ ಗಂಟು ಹಾಕಬೇಡಿ ಎಂದಷ್ಟೇ ಕೇಳುತ್ತೇನೆ.

ಕಂಪನಿಯ ಮ್ಯಾನೇಜರ್ ನನ್ನ ಕಂಪ್ಯೂಟರಿಗೆ ಆ ಯಂತ್ರದ ಮಾದರಿ ಹಾಕಿಕೊಟ್ಟಿದ್ದಾರೆ. "ಮೇಡಂ, ಏನು ಬೇಕಾದ್ರೂ ಟೈಪ್ ಮಾಡಿ. ಅಣ್ಣಾವ್ರು ಹೇಳ್ತಾರೆ" ಎಂದರು. ನಾನು ಸಿನಿಮಾದ್ದೇ ಒಂದು ಸಾಲು ಹಾಕಿದೆ. ಹೇಳಿತು. ಅವರು ಹೋದ ಮೇಲೆ "ಏನೇ ಕಾನ್ವೆಂಟು, ಊಟ ಆಯ್ತಾ" ಎಂದು ಟೈಪ್ ಮಾಡಿದೆ. ಅತ್ತಿಗೆ, ಅವನೇ. 'ಕಾನ್ವೆಂಟು' ಅನ್ನುವಾಗ ಕೊನೆಗೆ ಸ್ವಲ್ಪ ಮೂಗಿಗೆ ಎಳೆಯುತ್ತಿದ್ದನಲ್ಲ, ಅದೂ. ನಾನು ಎದ್ದು ಅಡುಗೆಮನೆಗೆ ಹೋಗಿ ನಿಂತುಕೊಂಡೆ. ಆಮೇಲೆ ಬಂದು ಇನ್ನೊಮ್ಮೆ ಹಾಕಿದೆ.

ಈಗ ದಿನಾ ಹಾಕುತ್ತೇನೆ. ನಾನು ಏನು ಟೈಪ್ ಮಾಡುತ್ತೇನೋ ಅದನ್ನೇ ಹೇಳುತ್ತದೆ ಎಂದು ಗೊತ್ತು. ಆದರೂ ಹೇಳುವ ಮುಂಚೆ ಏನು ಹೇಳುತ್ತಾನೋ ಎಂದು ಕಾಯುತ್ತೇನೆ. ನನಗೇನಾಗಿದೆ?

ನಾಲ್ಕನೆಯ ಸಿನಿಮಾದ ಮೊದಲ ದೃಶ್ಯದಲ್ಲಿ ಆ ಕಬ್ಬಿಣದ ಬಾಗಿಲು ತೆರೆಯುತ್ತದೆ. ಕತ್ತಲಿಂದ ಅವನು ಒಂದೇ ಮಾತು ಹೇಳುತ್ತಾನೆ. ಅದನ್ನು ಬರೆದಿದ್ದೇನೆ. ಈ ಸಲ ಇಸ್ತ್ರಿ ಮಾಡದೆ ಬರೆದಿದ್ದೇನೆ, ಅಣ್ಣ ಮೆಚ್ಚುತ್ತಿದ್ದ. ಯಂತ್ರದ ಕೈಲಿ ಹೇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದ್ದೇನೆ. ನಿಮ್ಮ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೇಳಿಸುತ್ತಾರೆ. ಕೇಳಿ ನೋಡಿ, ಆಮೇಲೆ ಹೇಳಿ.

ನಿಮ್ಮ
ಕಾನ್ವೆಂಟು


ಮೇ ೨೨

ಅತ್ತಿಗೆ,

ಒಂದು ತಿಂಗಳಾಯಿತು. ಪೆನ್‌ಡ್ರೈವ್ ತಲುಪಿತೋ ಇಲ್ಲವೋ ಎಂದಾದರೂ ಬರೆಯಬಹುದಿತ್ತು.

ಮೂರನೆಯ ಸಿನಿಮಾ ಮತ್ತೆ ತೆರೆಕಂಡಿದೆ, ನಿಮ್ಮ ಊರಿಗೂ ಬಂದಿರಬೇಕು. ಮೊದಲ ಆಟಕ್ಕೆ ನಾನು ಹೋಗಿದ್ದೆ. ಕೊನೆಯ ದೃಶ್ಯದಲ್ಲಿ ಇಡೀ ಚಿತ್ರಮಂದಿರ ಅವನಿಗಿಂತ ಮುಂಚೆ ಉಸಿರು ಹಿಡಿಯುತ್ತದೆ. ಬರ್ತೀನಿ ಅಂದಾಗ ಯಾರೋ ಹಿಂದಿನಿಂದ "ಬಾರೋ ಬೇಗ" ಎಂದರು. ಎಲ್ಲರೂ ನಕ್ಕರು, ಅಳುತ್ತಲೇ. ಇವರಿಗೆ ನೀವು ಇಲ್ಲ ಅನ್ನುತ್ತಿದ್ದೀರಿ ಎಂದು ನಿಮಗೆ ಗೊತ್ತಿರಲಿ.

ಮ್ಯಾನೇಜರ್ ದಿನ ಬಿಟ್ಟು ದಿನ ಕೇಳುತ್ತಾರೆ. "ನಿಮ್ಮ ಅತ್ತಿಗೆಯವರಿಗೆ ಏನು ತೊಂದರೆ ಮೇಡಂ? ಸತ್ತವರು ಮಾತಾಡೋದು ಯಾರಿಗೆ ಬೇಡ?" ಅಂದರು. ಆ ಮಾತು ನನಗೆ ಹಿಡಿಸಲಿಲ್ಲ. ಅವನು ನಿಮ್ಮ ಗಂಡ, ಸರಿ. ನನಗೂ ಅಣ್ಣನೇ. ಮೌನವಾಗಿದ್ದು ಗೆಲ್ಲುವುದು ನಿಮಗೆ ಮೊದಲಿನಿಂದ ಬರುತ್ತದೆ.

ಬರೆದದ್ದನ್ನು ಹೊಡೆದುಹಾಕಬೇಕು ಅನ್ನಿಸುತ್ತಿದೆ. ಹಾಕುವುದಿಲ್ಲ.

ಕಾನ್ವೆಂಟು


ಜೂನ್ ೪

ಕಾನ್ವೆಂಟು,

ನಿನ್ನ ಸಿಟ್ಟಿನ ಕಾಗದ ಬಂತು. ಇಸ್ತ್ರಿ ಇಲ್ಲದೆ ಬರೆದಿದ್ದೀಯ, ಚೆನ್ನಾಗಿದೆ.

ಪೆನ್‌ಡ್ರೈವ್ ಬಂದ ದಿನವೇ ಜೆರಾಕ್ಸ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವರು ಗುರುತಿನ ಚೀಟಿಯನ್ನು ಲ್ಯಾಮಿನೇಟ್ ಮಾಡುತ್ತಿದ್ದರು. "ಇದರಲ್ಲಿ ಏನಿದೆ ಅಕ್ಕ, ಹಾಡಾ?" ಅಂದರು. ಗೊತ್ತಿಲ್ಲ, ಹಾಕಿ ಅಂದೆ. ಹಾಕಿದರು. ಅವರ ಹತ್ತಿರ ದೊಡ್ಡ ಸ್ಪೀಕರ್ ಇದೆ, ಬೀದಿಗೆಲ್ಲ ಕೇಳುವಂಥದ್ದು.

"ಬಂದೆ" ಅಂದರು ನಿನ್ನ ಅಣ್ಣ.

ನಾನು ತಿರುಗಿ ಬಾಗಿಲ ಕಡೆ ನೋಡಿದೆ.

ಅಂಗಡಿಯವರೂ ನೋಡಿದರು, ಯಾರೋ ಗಿರಾಕಿ ಬಂದರು ಅಂತ. ಬಾಗಿಲಲ್ಲಿ ಬಿಸಿಲು ಬಿಟ್ಟು ಏನೂ ಇರಲಿಲ್ಲ. "ಇಷ್ಟೇ ಇರೋದು ಅಕ್ಕ, ಇನ್ನೊಂದ್ಸಲ ಹಾಕ್ಲಾ?" ಅಂದರು. ಬೇಡ ಅಂದೆ. ಮನೆಗೆ ಬಂದು, ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿದೆ. ಅವತ್ತು ಪೂರ್ತಿ ಯಾವ ಸದ್ದಾದರೂ ಬಾಗಿಲು ನೋಡುತ್ತಿದ್ದೆ. ನಿನ್ನ ಮೇಲೆ ಸಿಟ್ಟು ಬಂದದ್ದು ಅವತ್ತು. ಹತ್ತು ವರ್ಷದಲ್ಲಿ ಅವತ್ತೊಂದೇ ದಿನ.

ಆಮೇಲೆ ಸಿನಿಮಾಕ್ಕೆ ಹೋದೆ. ಮಧ್ಯಾಹ್ನದ ಆಟ, ಅಂಗಡಿಗೆ ಬೀಗ ಹಾಕಿ. ಪಕ್ಕದಲ್ಲಿ ನನಗಿಂತ ದೊಡ್ಡವರೊಬ್ಬರು ಮಗಳ ಜೊತೆ ಕೂತಿದ್ದರು. ನಾನು ಒಬ್ಬಳೇ ಇರುವುದು ನೋಡಿ, "ಮೊದಲ್ನೇ ಸಲಾನಾ? ಬಟ್ಟೆ ಇಟ್ಕೊಂಡಿದ್ದೀರಾ, ಕಣ್ಣು ಒರೆಸೋಕೆ?" ಅಂದರು. ದರ್ಜಿ ನಾನು, ಬಟ್ಟೆಗೇನು ಕಡಿಮೆ ಅಂದೆ. ಬೂಟಿನ ದಾರ ಕಟ್ಟುವಾಗ ಅವರು ನನ್ನ ಮೊಣಕೈ ಮುಟ್ಟಿ, "ಈಗ ನೋಡಿ, ಈಗ" ಅಂದರು. ಹಾಡು ನಿಂತಿತು. ಎಲ್ಲ ನಿಂತಿತು.

ಆಗ ನಾನು "ಹ್ಞೂಂ" ಅಂದದ್ದು ಕೇಳಿಸಿತು.

ಈಗ ಅಂದದ್ದಲ್ಲ. ಅವತ್ತು ಅಂದದ್ದು.

ನಿನಗೆ ಗೊತ್ತಿರಲಿಕ್ಕಿಲ್ಲ, ಯಾರಿಗೂ ಗೊತ್ತಿಲ್ಲ. ಸ್ಟುಡಿಯೋದಿಂದ ಹೊರಡುವ ಮುಂಚೆ ಅವರು ನನಗೆ ಫೋನ್ ಮಾಡುತ್ತಿದ್ದರು. ಆ ಹೊತ್ತಿಗೆ ಗಿರಾಕಿಗಳು ಅಳತೆಗೆ ಬರುತ್ತಾರೆ, ನನ್ನ ತುಟಿ ತುಂಬ ಗುಂಡುಸೂಜಿ. ಮಾತಾಡಿದರೆ ಬೀಳುತ್ತವೆ, ಇಲ್ಲವೇ ಗಂಟಲಿಗೆ ಹೋಗುತ್ತವೆ. ಅದಕ್ಕೇ ಫೋನ್ ಎತ್ತಿ ಹ್ಞೂಂ ಅನ್ನುತ್ತಿದ್ದೆ. ಅವರೂ ಹಲೋ ಗಿಲೋ ಏನೂ ಅನ್ನುತ್ತಿರಲಿಲ್ಲ. ನನ್ನ ಹ್ಞೂಂ ಬರುವ ತನಕ ಸುಮ್ಮನಿದ್ದು, "ಬರ್ತೀನಿ" ಅಂದು ಇಟ್ಟುಬಿಡುತ್ತಿದ್ದರು. ಇಷ್ಟೇ ಮಾತುಕತೆ. "ನಿನ್ನ ಹತ್ರ ಇಷ್ಟು ಸಲೀಸಾಗಿ ಮಾತಾಡೋಕಾಗೋದು ಆಗ ಮಾತ್ರ" ಅಂತ ನಗುತ್ತಿದ್ದರು.

ಅವತ್ತು ಮಾಡಿದ್ದೂ ಹಾಗೇ. ಇನ್ನೂ ಬೆಳಕಿತ್ತು. ಒಬ್ಬರ ಕೋಟಿನ ತೋಳಿಗೆ ಸೂಜಿ ಚುಚ್ಚುತ್ತಿದ್ದೆ. ಫೋನ್ ಬಂತು, ಹ್ಞೂಂ ಅಂದೆ, ಬರ್ತೀನಿ ಅಂದರು. ನನ್ನ ಕಿವಿಯಲ್ಲಿ ಉಳಿದದ್ದು ಅದೇ. ಇನ್ನೊಬ್ಬರ ಮಾತು ಆ ಫೋನಿನಲ್ಲಿ ಅದರ ಮೇಲೆ ಬೀಳಬಾರದು ಅಂತ ತೆಗೆಸಿದೆ. ನಿನ್ನ ಮೇಲಿನ ಸಿಟ್ಟಿಗಲ್ಲ. ನೀನು ಹಾಗೆ ಅಂದುಕೊಂಡಿದ್ದೀಯ ಅಂತ ಗೊತ್ತಾದದ್ದು ಈಗ.

ಅವರು ಆ ಗಾಜಿನ ಕೋಣೆಯೊಳಗೇ ನಿಂತು ಫೋನ್ ಮಾಡಿರಬೇಕು. ನೀವು ಯಾರೂ ನೋಡಲಿಲ್ಲ, ಮೈಕು ಮಾತ್ರ ಕೇಳಿಸಿಕೊಂಡಿತು.

ಇದನ್ನು ನಿನಗೆ ಹೇಳಬೇಕೋ ಬೇಡವೋ ಅಂತ ಒಂದು ತಿಂಗಳು ಯೋಚಿಸಿದೆ. ಆ ಮಾತು ನಿನಗೆ ಹೇಳಿದ್ದು ಅಂತ ನೀನು ಇಟ್ಟುಕೊಂಡಿದ್ದೆ. ಅದನ್ನು ನಿನ್ನಿಂದ ಕಿತ್ತುಕೊಳ್ಳಲು ನನಗೆ ಇಷ್ಟವಿರಲಿಲ್ಲ. ನನ್ನ ಮೌನ ಅಷ್ಟೇ, ಗೆಲ್ಲುವುದಕ್ಕಲ್ಲ.

ಸಹಿ ಹಾಕುವುದಿಲ್ಲ. ಅವರು ಬರ್ತೀನಿ ಅಂದದ್ದು ನನಗೆ. 'ಬಂದೆ' ಅನ್ನುವುದಾದರೆ ಮೊದಲು ಮನೆಗೆ ಬಂದು ಅನ್ನಲಿ. ನನಗೆ ಹೇಳಿ ಹೊರಟವರು ಸಿನಿಮಾಕ್ಕೆ ಬಂದು ಇಳಿದರೆ ನಾನು ಸುಮ್ಮನಿರುವವಳಲ್ಲ.

ಪಕ್ಕದವರು ಕೊನೆಗೆ, "ಅವನು ಬರ್ತಾನೆ ಅಂತೀರಾ?" ಅಂತ ಕೇಳಿದರು. ಅವರ ಮಗಳು, "ಅಮ್ಮಾ, ಎಲ್ಲರನ್ನೂ ಕೇಳ್ಬೇಡ" ಅಂದಳು. ನಾನು ಎದ್ದೆ. ಬಟ್ಟೆ ಅವರಿಗೇ ಕೊಟ್ಟುಬಂದೆ.

ಅತ್ತಿಗೆ


ಜೂನ್ ೧೯

ಅತ್ತಿಗೆ,

ನಿಮ್ಮ ಕಾಗದವನ್ನು ಕಿವಿ ಮಾಮನ ಮನೆಗೆ ಒಯ್ದೆ. ಅವರಿಗೀಗ ಒಂದು ಕಿವಿ ಕೇಳುವುದಿಲ್ಲ, ಆ ಹೆಸರಿನಿಂದ ಕರೆಯಲು ನಾಚಿಕೆಯಾಯಿತು. ಓದಿ ಹೇಳಿದೆ. ಕೈಯಲ್ಲಿದ್ದ ಕನ್ನಡಕ ಒರೆಸಿದರು.

"ಬೆನ್ನು ಈ ಕಡೆ ಇತ್ತಮ್ಮ. ಕೈ ಕೆನ್ನೆ ಹತ್ರ ಇತ್ತು. ಮೂಡಿಗೆ ಬರ್ತಿದಾನೆ ಅಂದ್ಕೊಂಡೆ. ಒಳಗೆ ಫೋನ್ ತರಬೇಡ ಅಂತ ನೂರು ಸಲ ಬೈದಿದ್ದೆ ಅವನಿಗೆ."

ಹಳೆಯ ಧ್ವನಿಮುದ್ರಣ ಅವರ ಬಳಿ ಇತ್ತು. ಹೆಡ್‌ಫೋನ್ ನನಗೆ ಕೊಟ್ಟರು. ಎಷ್ಟೋ ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಈ ಸಲ ಮೊದಲ ಸಲಕ್ಕೇ ಕೇಳಿಸಿತು. ನೀವೇ. ಸೂಜಿ ಕಚ್ಚಿಕೊಂಡ ನಿಮ್ಮ ಹ್ಞೂಂ. ವಾದ್ಯ ರಿಪೇರಿಯವರನ್ನು ನಾನು ನಕ್ಕು ತಳ್ಳಿಹಾಕಿದ್ದೆ. ಆ ಕಾಲೇಜು ಹುಡುಗಿಯೂ ಸರಿಯಾಗಿಯೇ ಬರೆದಿದ್ದಳು. ಪಕ್ಕದಲ್ಲೇ ಇದ್ದ ನನಗೆ ಕೇಳಿಸಲಿಲ್ಲ. ನಾನು ಅಲ್ಲಿ ನನ್ನ ಜಗಳದ ಉತ್ತರವನ್ನು ಹುಡುಕುತ್ತಿದ್ದೆ, ಅದು ಸಿಕ್ಕಿಬಿಟ್ಟಿತ್ತು.

ನನ್ನಿಂದ ಏನನ್ನೂ ಕಿತ್ತುಕೊಂಡಿಲ್ಲ ಎಂದು ಬರೆಯಬೇಕು. ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಆ ಮಾತು ನನಗಲ್ಲ ಎಂದು ತಿಳಿದ ರಾತ್ರಿ, ಅವನು ಇನ್ನೊಮ್ಮೆ ಹೋದ ಹಾಗಾಯಿತು. ಈ ಸಲ ನನಗೆ ಏನೂ ಹೇಳದೆ ಹೋದ. ಟೀಗೆ ಹೋದ ತಂಗಿಗೆ ಕಾಯದೆ ಮನೆಗೆ ಹೊರಟ ಅಣ್ಣ. ಹಾಗೆ ಇರುವುದೇ ಅಣ್ಣಂದಿರು, ಅಲ್ಲವೇ? ಹೊರಡುವಾಗ ತಂಗಿಗೆ ಯಾರು ಹೇಳುತ್ತಾರೆ.

ಕಂಪನಿಗೆ ಇಲ್ಲ ಎಂದು ತಿಳಿಸಿದೆ. ಮ್ಯಾನೇಜರ್ ಕಾರಣ ಕೇಳಿದರು. "ಅವರು ಮೊದಲು ಮನೆಗೆ ಹೋಗಬೇಕಂತೆ" ಎಂದೆ. ಅರ್ಥವಾಗಲಿಲ್ಲ. ಬೇರೆ ದನಿ ಹುಡುಕುತ್ತಾರೆ. ನಾನು ಮಾತು ಬರೆಯುವುದಿಲ್ಲ ಎಂದೂ ಹೇಳಿದೆ.

ಯಂತ್ರದ ಮಾದರಿಯನ್ನು ತೆಗೆಯುವ ಮುಂಚೆ ಒಂದು ಕೆಲಸ ಮಾಡಿದೆ. "ಬರ್ತೀನಿ ಕಣೇ ಕಾನ್ವೆಂಟು" ಎಂದು ಟೈಪ್ ಮಾಡಿ, ಒತ್ತುವ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಒತ್ತಿದರೆ ಹೇಳುತ್ತಿತ್ತು. ಒತ್ತಲಿಲ್ಲ. ಆ ಸಾಲನ್ನು ಹಾಗೇ ಅಳಿಸಿ, ಆಮೇಲೆ ಎಲ್ಲವನ್ನೂ ಅಳಿಸಿದೆ. ಈಗ ಮನೆಯಲ್ಲಿ ಸದ್ದೇ ಇಲ್ಲ. ಕೆಲವು ಸಲ ಊಟಕ್ಕೆ ಕೂತಾಗ ಕಂಪ್ಯೂಟರ್ ಕಡೆ ನೋಡುತ್ತೇನೆ.

ಅಭಿಮಾನಿಗಳಿಗೆ ಹೇಳಬೇಕೇ, ಆ ಸದ್ದು ಏನೆಂದು? ನೀವು ಹೇಳಿದ ಹಾಗೆ.

ನಿಮ್ಮ
ಕಾನ್ವೆಂಟು


ಜೂನ್ ೩೦

ಕಾನ್ವೆಂಟು,

ಹೇಳುವುದು ಬೇಡ. ತಾಯಿ ಅನ್ನುವವರು ತಾಯಿ ಅಂದುಕೊಳ್ಳಲಿ, ಊರು ಅನ್ನುವವರು ಊರು ಅಂದುಕೊಳ್ಳಲಿ. ಸೂಜಿ ಕಚ್ಚಿಕೊಂಡ ದರ್ಜಿ ಅಂತ ಹೇಳಿದರೆ ಬ್ಯಾಂಕಿನವರು ವರ್ಷಕ್ಕೊಂದು ಸಲ ಅಳುವುದು ಹೇಗೆ?

ಸಹಿಯ ಹಾಳೆ ಒಳ್ಳೆ ದಪ್ಪಗಿತ್ತು. ಬಟ್ಟೆಯ ಮೇಲಿಟ್ಟು ಗೀಟು ಎಳೆಯಲು ಕಾಲರಿನ ಅಳತೆಗೆ ಕತ್ತರಿಸಿ ಇಟ್ಟುಕೊಂಡೆ. ಎಷ್ಟು ಕಾಲರು ಬಂತು ಗೊತ್ತಾ.

ತಂಗಿಗೆ ಯಾರು ಹೇಳುತ್ತಾರೆ ಅಂತ ಬರೆದಿದ್ದೀಯ. ಆ ಸಂಜೆ ಅವರಿಗೆ ಸೇತುವೆ ದಾಟಿ ಈ ಕಡೆ ಬರುವುದಿತ್ತು. ಮನೆಗೆ ಬಂದ ಮೇಲೆ ನಿನ್ನ ಜಗಳದ ಕಥೆಯನ್ನು ನನಗೆ ಪೂರ್ತಿ ಆಡಿ ತೋರಿಸುತ್ತಿದ್ದರು, ನಿನ್ನ ದನಿಯಲ್ಲಿ, ನಿನ್ನ ಹಾಗೆ ಮೂಗು ಏರಿಸಿ. ಪ್ರತಿ ಸಲ ಹಾಗೇ. ನೀನು ದಿನಾ ನಮ್ಮ ಮನೆಗೆ ಬರುತ್ತಿದ್ದೆ, ನಿನಗೆ ಗೊತ್ತಿರಲಿಲ್ಲ ಅಷ್ಟೇ.

ಫೋನ್ ಹಾಕಿಸಿದ್ದೇನೆ. ನಂಬರ್ ಕೆಳಗಿದೆ. ನಾನು ಹ್ಞೂಂ ಅಂದರೆ ಸಿಟ್ಟು ಅಂದುಕೊಳ್ಳಬೇಡ. ಇಡುವಾಗ ಬರ್ತೀನಿ ಅಂದರೆ ಮಾತ್ರ ಬರಬೇಕು, ಈ ಮನೆಯಲ್ಲಿ ಇನ್ನು ಅದೇ ಕಾನೂನು.

ನಿನ್ನೆ ಮೇಲಿನ ಮನೆಯವರು ಮತ್ತೆ ಆ ಮೂರನೆಯದನ್ನು ಹಾಕಿದ್ದರು. ಈಗ ನನಗೆ ಎಲ್ಲಿ ಏನು ಬರುತ್ತದೆ ಅಂತ ಗೊತ್ತು. ಹಾಡು ನಿಲ್ಲುವ ಹೊತ್ತಿಗೆ ಮೆಷಿನ್ ನಿಲ್ಲಿಸಿದೆ. ಗಿರಾಕಿ ಯಾರೂ ಇರಲಿಲ್ಲ. ಸೂಜಿಗಳು ಡಬ್ಬಿಯಲ್ಲಿದ್ದವು, ಬಾಯಿ ಖಾಲಿ ಇತ್ತು. ಅವರು ಸುಮ್ಮನೆ ಕಾಯುತ್ತಿದ್ದರು. ಬೇರೆ ಏನಾದರೂ ಹೇಳಬಹುದಿತ್ತು.

ಹ್ಞೂಂ ಅಂತಲೇ ಅಂದೆ.

ಅತ್ತಿಗೆ